ಅಜ್ಜಿಯ ಕೊರಳಿಗೆ ನೂಲು

ರಜೆಗೆ ಉಮರ್ಗಾಕ್ಕೆ ಹೋದಾಗ ಅಜ್ಜಿಯ ಕೊರಳು ಕೆಂಪಾಗಿ ಹುಣ್ಣಾಗಿತ್ತು. ಲಿಂಗ ಕಟ್ಟಿದ ಹಳೇ ಶಿವದಾರ ಒರಟಾಗಿ ತಿಕ್ಕುತ್ತಿತ್ತು. ಮಾಯುವ ತನಕ ತೆಗೆದಿಡು ಎಂದು ಎರಡು ದಿನ ವಾದಿಸಿದೆ. ಲಿಂಗ ಮೈಬಿಟ್ಟಿರಬಾರದೆಂದು ಆಕೆ ಒಂದು ತಾಸೂ ತೆಗೆಯಲಿಲ್ಲ. ಕೊನೆಗೆ ಹೊಸ ದಾರಕ್ಕೆಂದು ಪೇಟೆಯ ನೂಲಿನ ಅಂಗಡಿಗೆ ಹೋದೆ.

“ನೈಲಾನ್ ಕೊಡ್ರಿ. ನುಣ್ಣಗಿರ್ತದ, ಬೆವರು ಹಿಡಿಯಂಗಿಲ್ಲ,” ಎಂದೆ.

“ಯಾರ ಕೊಳ್ಳಿಗಿ?” ಎಂದರು ಅಂಗಡಿಯ ಹಿರಿಯರು.

“ಅಜ್ಜಿಗಿ.”

ಅವರು ನೈಲಾನ್ ದಾರಕ್ಕೆ ಲಿಂಗದ ತೂಕಕ್ಕೆಂದು ಸಣ್ಣದೊಂದು ಬೀಗ ಕಟ್ಟಿ ನನ್ನ ಕೈಗಿಟ್ಟರು. “ಮೊದಲ ನೀ ಹಾಕ್ಕೊ. ಬಿಸಿಲಾಗ ಬಸ್ ಸ್ಟ್ಯಾಂಡ್ ತನಕ ಹೋಗಿ ಬಾ.”

“ನಾ ಇದೆಲ್ಲಾ ನಂಬಂಗಿಲ್ರೀ.”

“ನಂಬು ಅಂತ ಯಾರಂದ್ರು, ವಕೀಲಬಾಯಿ? ತುರಸ್ತದೋ ಇಲ್ಲೋ ಅಷ್ಟ ನೋಡು.”

ಕುತ್ತಿಗೆ ಕೆರೆದುಕೊಳ್ಳುತ್ತಲೇ ಮರಳಿದೆ. ಸಾಕ್ಷಿ ನನ್ನ ಚರ್ಮದ ಮೇಲೇ ಇತ್ತು, ಇನ್ನು ವಾದವೇನು? ಅವರು ನಗುತ್ತ ಮೆತ್ತನೆಯ ಹತ್ತಿ ಎಳೆಗಳನ್ನು ತೊಡೆಯ ಮೇಲೆ ಹೊಸೆದು ಕೊಟ್ಟರು.

ನಾನು ಹೊರಡುವ ಹೊತ್ತಿಗೆ ಹುಣ್ಣು ಮಾಯ್ದಿತ್ತು. ಅದಕ್ಕಾಗಿ ಅಜ್ಜಿ ಏನನ್ನೂ ಬಿಡಬೇಕಾಗಲಿಲ್ಲ. ಅದನ್ನು ಹೇಳಲೆಂದೇ ಬಸ್ಸು ಹತ್ತುವ ಮೊದಲು ಅಂಗಡಿಗೆ ಹೋಗಿ ಕೈ ಮುಗಿದೆ. ವಾದದಲ್ಲಿ ಸೋತದ್ದನ್ನು ನಾನೇ ಓಡಿಹೋಗಿ ಒಪ್ಪಿಕೊಂಡದ್ದು ಅದೇ ಮೊದಲು.