ಸಣ್ಣಾಕಿಯ ಪಾಲು

೧೯೮೧ರಲ್ಲಿ ನಾನು ಮುಂಡರಗಿಯ ಆಸ್ಪತ್ರೆಯೊಂದರಲ್ಲಿ ಹೆರಿಗೆ ವೈದ್ಯೆಯಾಗಿದ್ದೆ. ಸ್ಕ್ಯಾನಿಂಗ್ ಯಂತ್ರ ಇನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ಗರ್ಭದ ಬೆಳವಣಿಗೆಯನ್ನು ಅಳತೆ ಟೇಪು, ಕೈ, ಕಿವಿಗಳಿಂದಲೇ ತಿಳಿಯಬೇಕಿತ್ತು.

ಹಮ್ಮಿಗಿಯ ಒಕ್ಕಲುತನದ ಮನೆಯ ಗಂಗವ್ವ ತನ್ನ ಅತ್ತೆ ಬಸವ್ವನ ಜೊತೆ ಬಂದಾಗ ಬಸಿರಿಗೆ ಆರು ತಿಂಗಳು. ಹೊಟ್ಟೆ ಮಾತ್ರ ಎಂಟು ತಿಂಗಳಿನಷ್ಟಿತ್ತು. ನಾನು ಒಂದು ಬದಿಗೆ, ನರ್ಸ್ ಇನ್ನೊಂದು ಬದಿಗೆ ಕೂಸಿನ ಎದೆಬಡಿತ ಕೇಳುವ ಫೀಟೊಸ್ಕೋಪ್ ಇಟ್ಟು ಒಟ್ಟಿಗೇ ಎಣಿಸಿದೆವು. ಬಡಿತಗಳ ಲೆಕ್ಕ ಹೊಂದಲಿಲ್ಲ, ಹೃದಯಗಳು ಎರಡಿದ್ದವು.

ಕೂಸು ದಪ್ಪವಾದರೆ ಹೆರಿಗೆ ಕಷ್ಟವೆಂದು ಬಸವ್ವ ಸೊಸೆಯ ಊಟ ಕಡಿಮೆ ಮಾಡಿಸಿದ್ದಳು. ಅವಳಿಗಳಲ್ಲಿ ನಾವು ಹೆದರಬೇಕಾದದ್ದು ಕಡಿಮೆ ತೂಕಕ್ಕೆ ಎಂದು ತಿಳಿಸಿದೆ. ಅಂದಿನಿಂದ ಗಂಗವ್ವನಿಗೆ ಹೊಲದ ಕೆಲಸ ತಪ್ಪಿತು. ಹಾಲು, ಶೇಂಗಾ, ಮೊಳಕೆ ಕಾಳು ಹೆಚ್ಚಿದವು. ಆದರೂ ಎಂಟನೆಯ ತಿಂಗಳಲ್ಲಿ ಟೇಪಿನ ಅಳತೆ ಏರುವುದು ನಿಂತಿತು. ಅವಳನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡೆ.

ಅವಧಿಗೆ ತುಸು ಮುಂಚೆ ಹೆರಿಗೆಯಾಯಿತು. ಮೊದಲ ಹುಡುಗಿ ಎರಡು ಕಿಲೊ ನೂರು ಗ್ರಾಂ. ಎರಡನೆಯವಳು ಒಂದು ಕಿಲೊ ನಾಲ್ಕುನೂರು. ಇಷ್ಟು ಅಂತರ ಯಾಕೆಂದು ಗಂಗವ್ವ ಕೇಳಿದಳು. ಇಬ್ಬರಿಗೂ ಬೇರೆ ಬೇರೆ ಪ್ಲಾಸೆಂಟಾ, ಅಂದರೆ ಮಾಸು, ಇತ್ತು. ಸಣ್ಣವಳ ಮಾಸು ಚಿಕ್ಕದು, ಅದರ ಮೂಲಕ ತಾಯಿಯಿಂದ ಅವಳಿಗೆ ಆಹಾರ ಕಡಿಮೆ ಹರಿದಿದೆ ಎಂದು ಹೇಳಿದೆ.

ಸಣ್ಣವಳ ಉಸಿರಾಟ ಚೆನ್ನಾಗಿತ್ತು, ಹನಿ ಹನಿ ಹಾಲು ನುಂಗುತ್ತಿದ್ದಳು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿ ದಾರಿಯ ಚಳಿಗೆ ಒಡ್ಡುವುದು ಬೇಡವೆಂದು ಇಲ್ಲೇ ಉಳಿಸಿಕೊಂಡೆ. ಆದರೆ ತೂಕ ಇನ್ನೂ ಇಳಿಯಿತು, ಗಂಗವ್ವನ ಹಾಲೂ ಇಬ್ಬರಿಗೆ ಸಾಲುತ್ತಿರಲಿಲ್ಲ.

"ಇದು ಉಳಿಯೂದಿಲ್ಲ. ಇರೂ ಹಾಲು ದೊಡ್ಡಾಕಿಗೆ ಕುಡಸು," ಎಂದಳು ಬಸವ್ವ. ಕಲ್ಲು ಮನಸ್ಸಿನವಳಲ್ಲ, ತನ್ನದೇ ಎರಡು ಎಳೆಗೂಸುಗಳನ್ನು ಕಳೆದುಕೊಂಡವಳು.

ಗಂಗವ್ವ ಅತ್ತೆಗೆ ಎದುರಾಡಿದವಳಲ್ಲ. ಮೆಲ್ಲಗೆ ಹೇಳಿದಳು: "ಹೊಟ್ಟ್ಯಾಗ ಇಕಿಗೆ ಪಾಲು ಕಡಿಮಿ ಬಂದೈತಿ ಅತ್ತಿ. ಹೊರಗರ ಪೂರಾ ಸಿಗಲಿ."

ಬಸವ್ವ ನನ್ನ ಕಡೆ ತಿರುಗಿ, ಏನು ಮಾಡಬೇಕೆಂದು ನನ್ನನ್ನು ಕೇಳಿದಳು. ನಮ್ಮಲ್ಲಿ ಕೂಸನ್ನು ಬೆಚ್ಚಗಿಡುವ ಯಂತ್ರವಿರಲಿಲ್ಲ, ಮೈಯ ಬಿಸಿಯೇ ಬೇಕು ಎಂದೆ. ಬಸವ್ವ ಕುಪ್ಪಸದ ಗಂಟು ಬಿಚ್ಚಿ, ಮೊಮ್ಮಗಳನ್ನು ಎದೆಗೆ ಒತ್ತಿಕೊಂಡು ಕಂಬಳಿ ಹೊದ್ದಳು. ಗಂಗವ್ವ ಹಿಂಡಿ ಕೊಟ್ಟ ಹಾಲನ್ನು ಚಮಚದಲ್ಲಿ ತಾನೇ ಕುಡಿಸತೊಡಗಿದಳು. ಗಂಗವ್ವನಿಗೆ ಹಾಲು ಮೆಲ್ಲಗೆ ಹೆಚ್ಚಿತು. ಇಳಿಯುತ್ತಿದ್ದ ತೂಕ ನಿಂತಿತು, ಆಮೇಲೆ ಏರಿತು.

ಮೂರು ತಿಂಗಳಿಗೆ ಲಸಿಕೆಗೆ ಬಂದಾಗ ಸಣ್ಣವಳು ಮೂರು ಕಿಲೊ ದಾಟಿದ್ದಳು. ಬಸವ್ವ ತಕ್ಕಡಿಯ ಮುಳ್ಳನ್ನು ಬಗ್ಗಿ ನೋಡಿ, "ಇನ್ನಷ್ಟು ಆಗಬೇಕ್ರಿ," ಎಂದಳು.

ಹಳ್ಳಿಯವರಿಗೆ ಕಾರಣ ಹೇಳಿ ಏನು ಫಲ ಎನ್ನುವವರು ನಮ್ಮ ವೃತ್ತಿಯಲ್ಲಿ ಹಲವರಿದ್ದರು. ಮಾಸಿನ ಸಂಗತಿ ತಿಳಿಯದೆ ಹೋಗಿದ್ದರೆ ಗಂಗವ್ವನ ಬಾಯಲ್ಲಿ ಪಾಲಿನ ಆ ಮಾತು ಬರುತ್ತಿರಲಿಲ್ಲ. ನಿವೃತ್ತಳಾಗುವವರೆಗೂ, ಎಷ್ಟೇ ಗಡಿಬಿಡಿಯಿರಲಿ, ಮಂಚದ ಅಂಚಿಗೆ ಕುಳಿತು ತಾಯಂದಿರಿಗೆ ಕಾರಣ ಹೇಳಿಯೇ ಏಳುತ್ತಿದ್ದೆ.