ಮಾನ್ವಿಯ ಪೇಟೆಯಲ್ಲಿ ಮೊದಲ ಏಟು

ನೀಲಮ್ಮ, ನಿನ್ನ ಗಂಡ ಈರಣ್ಣನಿಗೆ ಮಾನ್ವಿಯ ಪೇಟೆಯಲ್ಲಿ ಮೊದಲ ಏಟು ಹಾಕಿದವನು ನಾನು. ಮಂದಿ ಬಡಿದು ಕೊಂದರು ಅಂತ ನಿನಗೆ ಗೊತ್ತು. ಆ ಮಂದಿಗೆ ದಾರಿ ತೋರಿಸಿದವನು ಯಾರು ಅಂತ ಗೊತ್ತಿಲ್ಲ — ಅಥವಾ ಗೊತ್ತಿದ್ದೂ ಸುಮ್ಮನಿದ್ದೀಯೋ ಏನೋ. ಅವನು ಕುಡಿದಿರಲಿಲ್ಲ. ಗಾಡಿ ಕೆಟ್ಟಿತ್ತು. ಕೆಟ್ಟದ್ದು ನನಗೆ ಗೊತ್ತಿತ್ತು. ಇಷ್ಟು ಹೇಳಲು ಮೂವತ್ತು ವರ್ಷ ತೆಗೆದುಕೊಂಡ ಈ ನಾಲಿಗೆ ಸೇದಿಹೋಗಲಿ.

ನೀನು ನನ್ನನ್ನು ರಾಘು ಮಿಸ್ತ್ರಿ ಅಂತ ಬಲ್ಲೆ. ರಾಯಚೂರಿನ ಸ್ಟೇಶನ್ ರಸ್ತೆಯಲ್ಲಿ ನನ್ನ ಷೆಡ್ಡು. ಹಳೇ ಮೋಟಾರು ಹುಡುಕಿ ತರುವುದು, ಬಿಚ್ಚುವುದು, ಕಟ್ಟುವುದು, ಹೊಸದರ ಹಾಗೆ ಮಾಡಿ ಮಾರುವುದು — ಇದೇ ನನ್ನ ಬಾಳು. ನಮ್ಮ ಮನೆತನದಲ್ಲಿ ಗುಡಿಯ ಪೂಜೆ, ಪಂಚಾಂಗ, ಪಾಠ ಬಿಟ್ಟರೆ ಬೇರೆ ಕಸುಬು ಮಾಡಿದವರಿಲ್ಲ. ನಮ್ಮಪ್ಪ ಆಚಾರ್ಯರು ನನ್ನ ಬೆರಳು ನೋಡಿದಾಗೆಲ್ಲ ಒಂದೇ ಮಾತು: "ಆ ಎಣ್ಣಿಗೈ ತೀರ್ಥಕ್ಕ ಒಡ್ಡಬ್ಯಾಡೋ." ಹತ್ತು ವರ್ಷ ನನ್ನ ಷೆಡ್ಡಿನ ಹೊಸ್ತಿಲು ತುಳಿಯಲಿಲ್ಲ ಅವರು. ಈರಣ್ಣ ಮಾತ್ರ ನನ್ನ ಜೊತೆಗಿದ್ದ, ಏಳು ವರ್ಷ. ನಾನು ಕಟ್ಟಿದ ಗಾಡಿಯನ್ನು ಅವನು ಓಡಿಸಿ ನೋಡುತ್ತಿದ್ದ. ಎಲ್ಲಿ ಏನು ಸಡಿಲಿದೆ ಅಂತ ನನಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಯಾಪಲದಿನ್ನಿಯಿಂದ ನೀನು ಕಟ್ಟಿ ಕಳಿಸಿದ ಸಜ್ಜಿ ರೊಟ್ಟಿಯಲ್ಲಿ ಅರ್ಧ ನನ್ನ ಹೊಟ್ಟೆಗೆ ಹೋಗುತ್ತಿತ್ತು, ನಮ್ಮ ಮನೆಯವರಿಗೆ ಗೊತ್ತಾಗದ ಹಾಗೆ. ಉಂಡ ಮನೆಯ ಜಂತಿ ಎಣಿಸಬಾರದು ಅಂತಾರೆ. ನಾನು ಜಂತಿಯನ್ನೇ ಮುರಿದೆ.

ಎರಡನೇ ಮಹಾಯುದ್ಧ ಮುಗಿದಿತ್ತು. ಪೆಟ್ರೋಲು ಸಿಗದೆ ಮೋಟಾರಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಓಡಿಸಿದ ಕಾಲ ಹಿಂದೆ ಬಿದ್ದಿತ್ತು. ಉಳ್ಳವರಿಗೆ ಮತ್ತೆ ಮೋಟಾರಿನ ಹುಚ್ಚು ಏರುತ್ತಿತ್ತು. ಆಗ ಆ ಗಾಡಿ ಸಿಕ್ಕಿತು — ದೇವದುರ್ಗದ ಕಡೆಯ ಒಬ್ಬ ಜಹಗೀರದಾರನ ಎತ್ತಿನ ಕೊಟ್ಟಿಗೆಯಲ್ಲಿ. ವಿಲಾಯತಿಯಲ್ಲಿ ಬೇಟೆಗೆ ಅಂತಲೇ ಹೇಳಿ ಮಾಡಿಸಿದ್ದು. ಮೈಯೆಲ್ಲ ಸಾಗವಾನಿ, ಹಿಂಭಾಗ ದೋಣಿಯ ಹಾಗೆ ಚೂಪು, ಬಾಗಿಲ ಒಳಗೆ ಬಂದೂಕು ನಿಲ್ಲಿಸಲು ಮಖಮಲ್ಲಿನ ಗೂಡು. ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಈರಣ್ಣ ಕೋಳಿಯನ್ನು ಎತ್ತಿ ಕೆಳಗಿಟ್ಟು, ಕಟ್ಟಿಗೆಯ ಮೇಲೆ ಅಂಗೈ ಸವರಿ, "ಯಪ್ಪಾ, ಇದು ಮೋಟಾರಲ್ರಿ, ಕುದುರಿ ಅದ" ಅಂದ. ಐದು ತಿಂಗಳು ಇಬ್ಬರೂ ಅದರ ಬೆನ್ನು ಬಿದ್ದೆವು. ಅಂಥ ಗಾಡಿ ನಾನು ಅದಕ್ಕೂ ಮೊದಲು ಮುಟ್ಟಿರಲಿಲ್ಲ, ಆಮೇಲೂ ಮುಟ್ಟಲಿಲ್ಲ.

ಕೊಂಡವರು ಮಾನ್ವಿಯ ಅಕ್ಕಿ ಗಿರಣಿಯ ಸಂಗಪ್ಪ ಸಾಹುಕಾರರು. ಇಡೀ ತಾಲೂಕಿನಲ್ಲಿ ಇಂಥದ್ದು ಇನ್ನೊಂದಿಲ್ಲ ಅಂತ ಹಿಗ್ಗಿ, ಗಿರಣಿಯಿಂದ ಪೇಟೆಯವರೆಗೆ ಗಾಡಿಯ ಮೆರವಣಿಗೆ ಮಾಡಿಸುತ್ತೇನೆ ಅಂದರು. ಮುಹೂರ್ತ ಕೇಳಲು ಅವರು ಹೋದದ್ದು ಯಾರ ಹತ್ತಿರ ಅಂದೀ? ನಮ್ಮಪ್ಪನ ಹತ್ತಿರ. ಅಂದು ಅಪ್ಪ ಷೆಡ್ಡಿಗೆ ಬಂದರು. ಹೊಸ್ತಿಲ ಹೊರಗೆ ನಿಂತು ಗಾಡಿಯನ್ನು ಬಹಳ ಹೊತ್ತು ನೋಡಿದರು. "ಛಲೋ ಮಾಡೀಯೋ. ಮಾನ್ವಿಗೆ ನಾನೂ ಬರ್ತೀನಿ. ಪೂಜಾ ನಾನ ಮಾಡ್ತೀನಿ" ಅಂದರು. ನಲವತ್ತಕ್ಕೆ ಹತ್ತಿರವಾದ ಗಂಡಸು ನಾನು, ಅವರು ಹೋದ ಮೇಲೆ ಗಾಡಿಯ ಹಿಂದೆ ಕೂತು ಅತ್ತೆ.

ಮುಹೂರ್ತಕ್ಕೆ ಮೂರು ದಿನ ಉಳಿದಿತ್ತು. ಈರಣ್ಣ ಊರಿಗೆ ಬಂದಿದ್ದ, ನಿನ್ನ ಹತ್ತಿರ. ಸ್ಟೇರಿಂಗನ್ನು ಮುಂದಿನ ಗಾಲಿಗೆ ಕೂಡಿಸುವ ಒಂದು ಕಬ್ಬಿಣದ ತೋಳು ಇರುತ್ತದೆ. ಅದಕ್ಕೆ ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಪುಡಿ ಉಜ್ಜಿ ನೋಡುವುದು ನನ್ನ ಪದ್ಧತಿ. ಬಿರುಕು ಇದ್ದರೆ ಒಳಗಿಳಿದ ಎಣ್ಣೆ ಸುಣ್ಣಕ್ಕೆ ಏರಿ ಗೆರೆ ಮೂಡುತ್ತದೆ. ಮೂಡಿತು. ಹೊಸ ತೋಳು ಮುಂಬಯಿಯಿಂದ ಬರಬೇಕು, ತಿಂಗಳು ಬೇಕು. ಮುಹೂರ್ತ ಮುಂದೆ ಹಾಕಿ ಅಂತ ಅಪ್ಪನಿಗೆ ಹೇಳಬೇಕಿತ್ತು. ಹೇಳಿದರೆ ಅವರು ಮತ್ತೆ ಬರುತ್ತಾರೋ ಇಲ್ಲವೋ — ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಬಿರುಕಿಗೆ ಹಿತ್ತಾಳೆ ತುಂಬಿದೆ, ಅರ ಹಾಕಿ ನುಣುಪು ಮಾಡಿದೆ, ಮೇಲೆ ಕರಿ ಬಣ್ಣ ಬಳಿದೆ. ನನ್ನ ಕಣ್ಣಿಗೇ ಕಾಣದಷ್ಟು ಚೆಂದ ಮಾಡಿದೆ.

ಮುಹೂರ್ತದ ಮುಂಜಾನೆ ಗಿರಣಿಯ ಅಂಗಳದಲ್ಲಿ ಕಟ್ಟಿಗೆಗೆ ಕೊನೆಯ ಕೈ ಪಾಲಿಶ್ ಹೊಡೆಯಲು ಈರಣ್ಣನಿಗೆ ಹೇಳಿದೆ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಅರಳೆಯಿಂದ ಉಜ್ಜುವ ಪಾಲಿಶ್ ಅದು, ಹತ್ತಿರ ಹೋದರೆ ಸೆರೆ-ಸಾರಾಯಿ ಅಂಗಡಿಯ ಹಾಗೆ ಮೂಗಿಗೆ ಬಡಿಯುತ್ತದೆ. ಶೀಸೆ ಉರುಳಿ ಅವನ ಅಂಗಿಯ ಮೇಲೆ ಚೆಲ್ಲಿತು. ಬದಲಿಸಲು ಬೇರೆ ಅಂಗಿ ತಂದಿರಲಿಲ್ಲ. ಆಮೇಲೆ ಗಾಡಿಯನ್ನು ಅಂಗಳದಲ್ಲಿ ಒಂದು ಸುತ್ತು ತಿರುಗಿಸಿ ಇಳಿದು ಬಂದ.

"ಸ್ಟೇರಿಂಗ್ ಯಾಕೋ ಕೈಗೆ ಹಗುರ ಬರಾಕತ್ತದ್ರಿ. ಒಂದ್ಸಲ ನೋಡ್ರಿ," ಅಂದ.

"ಹೊಸಾ ಗ್ರೀಸು ಹಾಕೀನಿ, ಹಂಗ ಇರ್ತದ. ನಡಿ," ಅಂದೆ.

ಅವನು ನನ್ನ ಮಾತು ನಂಬಿದ. ಏಳು ವರ್ಷದಲ್ಲಿ ನಾನು ಅವನಿಗೆ ಗಾಡಿಯ ವಿಷಯದಲ್ಲಿ ಸುಳ್ಳು ಹೇಳಿರಲಿಲ್ಲ.

ಅಪ್ಪ ಪೂಜೆ ಮಾಡಿದರು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಹಲಗೆಯ ಬಡಿತ, ಶಹನಾಯಿ, ಗುಲಾಲು. ಅಪ್ಪ ನನ್ನ ಪಕ್ಕದಲ್ಲಿ ನಡೆಯುತ್ತಿದ್ದರು, ನನ್ನ ಹೆಗಲಿನ ಮೇಲೆ ಕೈ ಇಟ್ಟು. ಸಾಹುಕಾರರ ತಮ್ಮ ಶರಣಪ್ಪ, ಹೊಸದಾಗಿ ಲಗ್ನವಾದ ಹುಡುಗ, ಗಾಡಿಯ ಮುಂದೆ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಾ ಗುಲಾಲು ತೂರುತ್ತಿದ್ದ. ಪೇಟೆಯ ಇಳಿಜಾರಿನಲ್ಲಿ ತಿರುವು ಬಂತು. ಟಕ್ ಅಂತ ಒಂದು ಸದ್ದು. ಹಲಗೆಯ ಗದ್ದಲದಲ್ಲಿ ಅದು ಕೇಳಿದ್ದು ನನಗೊಬ್ಬನಿಗೆ. ಈರಣ್ಣ ಸ್ಟೇರಿಂಗ್ ತಿರುಗಿಸುತ್ತಲೇ ಇದ್ದ, ಗಾಲಿ ತಿರುಗಲಿಲ್ಲ. ಬ್ರೇಕು ತುಳಿದ, ಆ ಭಾರಕ್ಕೆ ಅದು ಸಾಲಲಿಲ್ಲ. ಗಾಡಿ ಓರೆಯಾಗಿ ಜಾರಿ ಶರಣಪ್ಪನನ್ನು ಕಾಳಿನ ಅಂಗಡಿಯ ಕಲ್ಲುಕಂಬಕ್ಕೆ ಒತ್ತಿತು. ಎದೆಗೂಡು ಮುರಿದದ್ದು ಕೇಳಿಸಿತು. ಬಾಯಿಂದ ಬಂದ ರಕ್ತ ಗುಲಾಲಿನ ಮೇಲೆ ಬಿತ್ತು. ಅವನ ಕಣ್ಣು ತೆರೆದೇ ಇತ್ತು, ಜೀವ ಹೋಗಿತ್ತು.

ಈರಣ್ಣ ಇಳಿದು ಓಡಿ ಬಂದ, ಓಡಿಹೋಗಲಿಲ್ಲ. ಇದನ್ನು ನೀನು ತಿಳಿದಿರಬೇಕು. ಎರಡೂ ಕೈಯಿಂದ ಬಂಪರು ಹಿಡಿದು ಗಾಡಿಯನ್ನು ಹಿಂದೆ ತಳ್ಳುತ್ತಿದ್ದ, "ಕೈ ಹಚ್ಚರಿ, ಕೈ ಹಚ್ಚರಿ" ಅನ್ನುತ್ತಾ. ಮಂದಿ ಸುತ್ತ ಕೂಡಿತು. "ಗಾಡಿಗೇನಾತು?" ಅಂತ ಯಾರೋ ಕೇಳಿದರು. ಅಪ್ಪ ನನ್ನ ಮುಖ ನೋಡಿದರು. ಆಗ ನಾನು ಮುಂದೆ ಹೋಗಿ ಈರಣ್ಣನ ಅಂಗಿಯ ಎದೆ ಹಿಡಿದು —

"ಕುಡದು ಬಂದೀಯೇನಲೇ?"

ಅಷ್ಟೇ ಅಂದದ್ದು. ಒಬ್ಬ ಮೂಗು ಹಚ್ಚಿ ನೋಡಿ, "ಹೌದಲೇ, ನಾರಾಕತ್ತಾನ" ಅಂದ. ಈರಣ್ಣ ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ ಅವನಿಗೆ, ನಾನು ಮರೆತಿದ್ದೇನೆ ಅಂದುಕೊಂಡಿದ್ದ. "ಪಾಲಿಶ್ ರೀ ಯಪ್ಪಾ. ನೀವ ಹೇಳ್ರಿ," ಅಂದ. ನಾನು ಅವನ ಬಾಯಿಯ ಮೇಲೆ ಹೊಡೆದೆ. ತುಟಿ ಒಡೆಯಿತು.

ಮುಂದಿನದನ್ನೂ ಹೇಳಬೇಕು. ಹಲಗೆಯ ಕೋಲು, ಕಲ್ಲು, ನೊಗದ ಗೂಟ. ಗಿರಣಿಯ ಹಮಾಲರು ಚೀಲ ಎತ್ತುವ ಕಬ್ಬಿಣದ ಕೊಕ್ಕೆಯನ್ನೇ ಬೀಸಿದರು. ಅದು ಅವನ ಹೆಗಲಿಗೆ ಸಿಕ್ಕಿತು, ಹಾಗೇ ಎಳೆದುಕೊಂಡು ಹೋದರು. ಆಗ ನಾನು ಏನು ಮಾಡುತ್ತಿದ್ದೆ ಗೊತ್ತೇ? ಗಾಡಿಯ ಕೆಳಗೆ ತೆವಳಿ, ಮುರಿದ ತೋಳಿನ ನಟ್ಟು ಬಿಚ್ಚುತ್ತಿದ್ದೆ. ಉರಿಯುವ ಮನೆಯ ಗಳ ಹಿರಿಯುವವರು ಅಂತಾರಲ್ಲ, ಅದು ನಾನು. ಕೆಳಗಿನಿಂದ ಕಾಲುಗಳು ಕಾಣುತ್ತಿದ್ದವು, ಕಾಲುಗಳ ನಡುವೆ ಅವನ ಕೈ. ಏಟು ಒದ್ದೆ ಗೋಣಿಯ ಮೇಲೆ ಬಿದ್ದ ಹಾಗೆ ಕೇಳುತ್ತಿತ್ತು. "ಮಿಸ್ತ್ರಿಯಪ್ಪಾ, ಹೇಳ್ರಿ" ಅಂತ ಕೂಗಿದ. ಮತ್ತೆ ಕೂಗಿದ. ನಾನು ಎರಡನೇ ನಟ್ಟಿಗೆ ಪಾನಾ ಹಾಕಿದೆ. ಅದು ಬಿಚ್ಚಿ ಬರುವಷ್ಟರಲ್ಲಿ ಕೂಗು ನಿಂತಿತ್ತು. ಎರಡೂ ತುಂಡನ್ನು ಧೋತರದಲ್ಲಿ ಸುತ್ತಿಕೊಂಡು, ಮರುವಾರ ಚೀಕಲಪರ್ವಿಗೆ ಹೋಗಿ ಹೊಳೆಗೆ ಎಸೆದೆ.

ನಿಜಾಮನ ಪೊಲೀಸು ಅಮೀನ ಬಂದು ಕೇಳಿದ. ಡ್ರೈವರ ಕುಡಿದಿದ್ದ ಅಂತ ನಾನೇ ಸಾಕ್ಷಿ ಹೇಳಿದೆ. ಉರ್ದುವಿನಲ್ಲಿ ಬರೆದುಕೊಂಡ, ನಾನು ಸಹಿ ಹಾಕಿದೆ.

ಇಲ್ಲಿಯವರೆಗಿನದನ್ನು ಹೆದರಿಕೆ ಅಂತ ಕರೆದು ಎಷ್ಟೋ ವರ್ಷ ನನ್ನನ್ನೇ ಸಮಾಧಾನ ಮಾಡಿಕೊಂಡೆ. ಆದರೆ ಮರುದಿನದ್ದು? ಹೆಣ ರಾಯಚೂರಿನ ದವಾಖಾನೆಯಲ್ಲಿತ್ತು. ನೀನು ಅವನ ಅಂಗಿ ಹಿಡಿದು ನನ್ನ ಷೆಡ್ಡಿಗೆ ಬಂದೆ, ನಿಮ್ಮೂರ ಮಠದ ಅಯ್ಯನವರ ಜೊತೆ. ನಿಮ್ಮಲ್ಲಿ ಸತ್ತವರನ್ನು ಕೂಡಿಸಿ, ಅಯ್ಯನವರು ತಲೆಯ ಮೇಲೆ ಪಾದ ಇಟ್ಟ ಮೇಲೇ ಮಣ್ಣು ಕೊಡುವುದು. ಲಿಂಗ ಕಟ್ಟಿಕೊಂಡವನು ಕುಡಿದು, ಒಬ್ಬನನ್ನು ಕೊಂದು ಸತ್ತಿದ್ದಾನೆ, ಪಾದ ಇಡುವುದಿಲ್ಲ ಅಂತ ಅವರು ಅಂದಿದ್ದರು. ಮಿಸ್ತ್ರಿ ಬಾಯಿಬಿಟ್ಟು ಇಲ್ಲ ಅಂದರೆ ಇಡುತ್ತೇನೆ ಅಂತಲೂ ಅಂದಿದ್ದರು. ನೀನು ಅಳಲಿಲ್ಲ. ಅಂಗಿಯನ್ನು ನನ್ನ ಮುಂದೆ ಹಿಡಿದೆ.

"ಇದು ಸೆರಿ ನಾತ ಅಲ್ರೀ, ನಿಮ್ಮ ಷೆಡ್ಡಿನ ನಾತ. ಏಳು ವರ್ಸ ಈ ಅಂಗಿ ಒಗದೀನಿ ನಾ, ನನಗ ಗೊತ್ತಿಲ್ಲೇನ್ರಿ? ಅಯ್ನೋರ ಮುಂದ ಒಂದ ಮಾತ ಹೇಳ್ರಿ ಸಾಕು."

ಯಾರೂ ಕೋಲು ಹಿಡಿದು ನಿಂತಿರಲಿಲ್ಲ ಅಲ್ಲಿ. ನನಗೆ ಒಂದು ಇಡೀ ರಾತ್ರಿ ಯೋಚಿಸಲು ಸಿಕ್ಕಿತ್ತು. ಯೋಚಿಸಿಯೇ ಹೇಳಿದೆ — "ಅವ ಎಲ್ಲಿ ಏನ ಕುಡದಿದ್ನೋ, ನನಗ್ಯಾಂಗ ಗೊತ್ತಾಗಬೇಕಬೇ?"

ನೀನು ಅಂಗಿ ಮಡಚಿಕೊಂಡು ಹೋದೆ. ಅವನನ್ನು ಊರ ರುದ್ರಭೂಮಿಗೆ ಬಿಡದೆ ಹೊಲದ ಬದುವಿನಲ್ಲಿ ಹುಗಿದರು ಅಂತ ಕೇಳಿದೆ. ಕುಡುಕನ ಹೆಂಡತಿ ಅಂತ ನಿನ್ನನ್ನು ಮದುವೆ ಮುಂಜಿಗೆ ಕರೆಯುವುದಿಲ್ಲ ಅಂತಲೂ ಕೇಳಿದೆ. ಕೇಳಿ ಸುಮ್ಮನಿದ್ದೆ. ಅಪ್ಪ ತಮ್ಮ ಲೆಕ್ಕವೇ ತಪ್ಪಿ ಕೆಟ್ಟ ಗಳಿಗೆ ಇಟ್ಟೆ ಅಂದುಕೊಂಡು, ಆಮೇಲೆ ಸಾಯುವವರೆಗೆ ಯಾರಿಗೂ ಮುಹೂರ್ತ ಇಟ್ಟುಕೊಡಲಿಲ್ಲ. ಅವರಿಗೂ ನಾನು ಹೇಳಲಿಲ್ಲ.

ಹೋದ ತಿಂಗಳು ಹೈದರಾಬಾದಿನಿಂದ ಇಬ್ಬರು ಬಂದಿದ್ದರು. ಹಳೇ ಮೋಟಾರು ಕೂಡಿಹಾಕಿ ಮೆರೆಸುವ ಶೋಕಿಯವರು. ಗಿರಣಿಯ ಗೋದಾಮಿನಿಂದ ಆ ಗಾಡಿ ಕೊಂಡಿದ್ದಾರಂತೆ. ಇಂಥ ಕೈಗೆಲಸ ನೋಡಿಲ್ಲ, ನಿಮಗೆ ಶಾಲು ಹೊದಿಸುತ್ತೇವೆ ಬರ್ರಿ ಅಂದರು. ಹೊಗಳುತ್ತಾ ಹೋದರು, ನಾನು ಕೇಳುತ್ತಾ ಕೂತೆ, ಸ್ವಲ್ಪ ಖುಷಿಯೂ ಆಯಿತು — ಅದು ತಿಳಿದ ಕೂಡಲೇ ನನ್ನ ಬಗ್ಗೆ ಹೇಸಿಗೆ ಹುಟ್ಟಿತು. ನನ್ನ ತಪ್ಪಿಗೆ ಇಬ್ಬರ ಹೆಣ ಬಿದ್ದ ಗಾಡಿ ಅದು ಅಂತ ಹೇಳಿ ಕಳಿಸಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಬಾಯಿಂದ ಬಂದ ನಿಜ. ಬಂದ ಮೇಲೆ ಉಳಿದದ್ದೂ ಬರಲೇಬೇಕಾಯಿತು.

ಬರುವ ಸೋಮವಾರ ಯಾಪಲದಿನ್ನಿಯ ಮಠದ ಮುಂದೆ ನಿಂತು ಇದನ್ನೆಲ್ಲ ಮಂದಿಯ ಎದುರು ಓದುತ್ತೇನೆ. ಪೊಲೀಸರಿಗೂ ಬರೆದು ಕೊಟ್ಟಿದ್ದೇನೆ. ನೀನು ಹೊಟ್ಟೆಗೆ ಹಾಕಿಕೋ ಅಂತ ಕೇಳುವುದಿಲ್ಲ, ಕೇಳುವ ಮುಖ ನನಗಿಲ್ಲ. ನಿಮ್ಮ ಮಠದ ಈಗಿನ ಅಯ್ಯನವರನ್ನು ಮೊನ್ನೆಯೇ ಹೋಗಿ ಕಂಡೆ. ಎಲ್ಲ ಹೇಳಿದೆ. ಆ ಬದುವಿನ ಮಣ್ಣಿನ ಮೇಲಾದರೂ ಪಾದ ಇಡುತ್ತೀರಾ ಅಂತ ಅವರ ಕಾಲು ಹಿಡಿದು ಕೇಳಿದೆ. ನನ್ನ ಕೈ ಬಿಡಿಸಿ ಎಬ್ಬಿಸಿ, "ಮಣ್ಣಿಗೆ ಇಡೋ ಪದ್ಧತಿ ಇಲ್ರಿ. ತಲಿ ಮ್ಯಾಲೆ ಇಡಬೇಕು," ಅಂದರು.

ಅದು ಇನ್ನು ಆಗುವುದಿಲ್ಲ, ನೀಲಮ್ಮ. ಅವತ್ತು ನಾನು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು.