ಪೋಸ್ಟ್‌ಕಾರ್ಡಿನಷ್ಟು ಸಂದು

ಕಳೆದ ವಾರ ಅಲಮಾರಿ ಸ್ವಚ್ಛ ಮಾಡುವಾಗ ತಗಡಿನ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದರೆ ಬೆಸುಗೆಯ ರಾಳದ ವಾಸನೆ ಇನ್ನೂ ಇತ್ತು. ಒಳಗೆ ಆಟಿಕೆ ರೈಲಿನ ನಾಲ್ಕು ಹಳಿ ತುಂಡು, ಜೊತೆಗೆ ಉಗುರಗಲ ಕತ್ತರಿಸಿದ ಪೋಸ್ಟ್‌ಕಾರ್ಡಿನ ಚೂರು. ಚೂರನ್ನು ಕೈಗೆತ್ತಿಕೊಂಡವನು ಅಲ್ಲೇ ಕೂತುಬಿಟ್ಟೆ. ಇಷ್ಟು ವರ್ಷ ಮರೆತವನಂತೆ ನಟಿಸಿದ್ದೆಲ್ಲ ನೀರಾಯಿತು…

ಯಾದಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ ಕತ್ತರಿಸಿದ ಚೂರು ಅದು. ಅವರು ರೈಲ್ವೆಯಲ್ಲಿ ಕೀಮನ್ ಆಗಿದ್ದವರು. ಹೆಗಲ ಮೇಲೆ ಸುತ್ತಿಗೆ ಹೊತ್ತು ದಿನಾ ಹಳಿಗುಂಟ ನಡೆದು, ಸಡಿಲಾದ ಕೀಲು ಬಡಿದು ಬಿಗಿ ಮಾಡುವ ಕೆಲಸ. ನಿವೃತ್ತರಾದ ಮೇಲೂ ಗಾಡಿಯ ಸದ್ದು ಕೇಳಿದರೆ ಚಹಾದ ಬಟ್ಟಲು ಕೆಳಗಿಟ್ಟು ಆಲಿಸುತ್ತಿದ್ದರು. ತಮ್ಮ ಸರಹದ್ದಿನಲ್ಲಿ ಒಂದು ಗಾಲಿಯೂ ಹಳಿ ಬಿಟ್ಟಿಲ್ಲ ಎನ್ನುವುದೊಂದೇ ಅವರಿಗಿದ್ದ ಜಂಬ.

ನಾನು ಆಗ ಶಹಾಪುರದ ಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಆ ಊರಿಗೆ ರೈಲಿಲ್ಲ. ಮಕ್ಕಳ ವಿಜ್ಞಾನ ಮೇಳಕ್ಕೆ ಹಲಗೆಯ ಮೇಲೆ ಯಾದಗಿರಿ ಸ್ಟೇಷನ್ನು, ಭೀಮಾ ಸೇತುವೆ ಎಲ್ಲ ಕಟ್ಟಿ, ಹೈದರಾಬಾದಿನಿಂದ ತಂದ ಆಟಿಕೆ ರೈಲು ಓಡಿಸುವ ಹುಮ್ಮಸ್ಸು ನನಗೆ. ಆದರೆ ಅಂಗಡಿಯ ಹಳಿಗಳು ಸೇತುವೆಯ ಬಳಿ ಕೂಡಲೊಲ್ಲವು. ಒಂದು ತುಂಡು ಹಾಕಿದರೆ ಉದ್ದ, ತೆಗೆದರೆ ಗಿಡ್ಡ. ಕಾಕಾ ನೋಡಿ ನಕ್ಕರು. ಮೂರು ಸಂಜೆ ನಮ್ಮ ಪಡಸಾಲೆಯಲ್ಲಿ ಕೂತು, ಅಳತೆಗೆ ತಕ್ಕಂತೆ ನಾಲ್ಕು ತುಂಡು ಕತ್ತರಿಸಿ, ಅರದಿಂದ ಉಜ್ಜಿ, ಬಾಗಿಸಿ ಕೂಡಿಸಿದರು. ಹಳಿಗೆ ಹಳಿ ಸೇರುವಲ್ಲೆಲ್ಲ ಆ ಪೋಸ್ಟ್‌ಕಾರ್ಡಿನ ಚೂರು ಇಟ್ಟು, ಮೊಳೆ ಹೊಡೆದ ಮೇಲೆ ಎಳೆದು ತೆಗೆಯುತ್ತಿದ್ದರು.

"ಕಾಕಾ, ಸಂದು ಉಳೀತಲ್ರಿ?" ಎಂದೆ.

"ಉಳೀಲಿ ಬಿಡ್ರಿ ಮಾಸ್ತರ್ರ. ಬಿಸಲಿಗಿ ಹಳಿ ಬೆಳೀತದ. ಅದಕ್ಕ ಜಾಗ ಬಿಡಬೇಕು."

ನಾನು ಪದವೀಧರ ನೋಡಿ! ಲೋಹ ಕಾಯ್ದರೆ ಹಿಗ್ಗುತ್ತದೆ ಎಂದು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಯುತ್ತಿದ್ದವನು. ಇಷ್ಟು ಸಣ್ಣ ಹಳಿ ಎಷ್ಟು ಹಿಗ್ಗೀತು ಎಂದುಕೊಂಡೆ. ರೈಲು ಆ ಸಂದುಗಳ ಮೇಲೆ ಕಟಕಟ ಎನ್ನುವುದು ನನಗೆ ಸೇರಲಿಲ್ಲ. ಮೇಳದ ಹಿಂದಿನ ದಿನ, ಅವರಿಗೆ ಹೇಳದೆ, ಎಲ್ಲ ಸಂದಿಗೂ ಬೆಸುಗೆ ತುಂಬಿದೆ.

ಮೇಳ ನಡೆದದ್ದು ಶಾಲೆಯ ತಗಡಿನ ಪತ್ರಾಸಿನ ಶೆಡ್ಡಿನಲ್ಲಿ. ಬೆಳಿಗ್ಗೆ ರೈಲು ಸೊಗಸಾಗಿ ಓಡಿತು. ಮಧ್ಯಾಹ್ನ ಶಿಕ್ಷಣ ಇಲಾಖೆಯ ಸಾಹೇಬರು ಮೇಳ ನೋಡಲು ಬರುವ ಹೊತ್ತಿಗೆ ಶೆಡ್ಡು ರೊಟ್ಟಿ ಹಂಚಿನಂತೆ ಕಾದಿತ್ತು. ಸೇತುವೆಯ ಹಳಿ ಸೊಟ್ಟಗೆ ಎದ್ದು, ಎಂಜಿನ್ನು ಗಾಲಿ ಮೇಲಾಗಿ ಬಿತ್ತು. ಮಕ್ಕಳು ಹೋ ಎಂದು ನಕ್ಕರು. ಸಾಹೇಬರು ನನ್ನತ್ತ ಹುಬ್ಬೇರಿಸಿದರು. ನನ್ನ ನಾಲಿಗೆಗೆ ಏನು ಬಂದಿತ್ತೋ!

"ಆ ಹಳಿ ನಾ ಮಾಡಿದ್ದಲ್ರಿ ಸರ್. ಓದು ಬರಹ ಇಲ್ಲದವ್ರ ಕೈಯಾಗ ಕೊಟ್ಟಿದ್ದ ತಪ್ಪಾತು" ಎಂದುಬಿಟ್ಟೆ.

ಕಾಕಾ ನನ್ನ ಹಿಂದೆಯೇ ನಿಂತಿದ್ದರು. ತಾವು ಮಾಡಿದ ಹಳಿಯ ಮೇಲೆ ರೈಲು ಓಡುವುದನ್ನು ನೋಡಲು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಸ್ಸು ಹಿಡಿದು ಬಂದಿದ್ದರು. ಮುಂದೆ ಬಂದು ಬಗ್ಗಿ, ಬೆಸುಗೆಯ ಗಂಟನ್ನು ಹೆಬ್ಬೆರಳಿನಿಂದ ಸವರಿದರು. ಒಮ್ಮೆ ನನ್ನ ಮುಖ ನೋಡಿದರು.

"ಹೌದ್ರಿ ಸಾಹೇಬ್ರ, ನನ್ನ ಕೈಲೇನ ತಪ್ಪಾಗ್ಯದ. ಮಾಸ್ತರ್ರದು ಏನೂ ಇಲ್ರಿ" ಎಂದರು.

ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಾನು ಬಗ್ಗಿ, ಬಿದ್ದ ಎಂಜಿನ್ನನ್ನು ಎತ್ತಿ ಒರೆಸತೊಡಗಿದೆ.

ಆಮೇಲೂ ಎದುರಾದಾಗಲೆಲ್ಲ "ಊಟಾತೇನ್ರಿ ಮಾಸ್ತರ್ರ" ಎಂದು ಮೊದಲಿನಂತೆಯೇ ಕೇಳುತ್ತಿದ್ದರು. ನಾನೇ ನಾಚಿಕೆಗೆ ಬೇರೆ ಓಣಿಯಿಂದ ಸುತ್ತಿ ಹೋಗುತ್ತಿದ್ದೆ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತ… ಅವರು ತೀರಿಕೊಂಡ ದಿನವೂ ಎಲ್ಲರ ಜೊತೆ ಸುಮ್ಮನೆ ನಿಂತು ಬಂದೆ.

ನಿನ್ನೆ ಡಬ್ಬಿ ಹಿಡಿದು ಅವರ ಮನೆಗೆ ಹೋದೆ. ಎಲ್ಲ ಒಪ್ಪಿಕೊಳ್ಳಬೇಕೆಂದೇ ಹೋದೆ. ಅವರ ಸೊಸೆ ಚಹಾ ಕೊಟ್ಟವಳು ಹಳಿ ತುಂಡು ಕಂಡು ಮುಖ ಅರಳಿಸಿದಳು.

"ಇದೇನ್ರಿ ಆ ರೈಲಿಂದು? ನಮ್ಮ ಮಾವಾರು ಭಾಳ ಹೇಳ್ತಿದ್ರು. ಚಲೋ ಓಡ್ತಂತ, ಸಾಹೇಬ್ರು ಶಾಬಾಸ್ ಅಂದ್ರಂತ. ಎಲ್ಲಾ ಮಾಸ್ತರ್ರದ ಬುದ್ಧಿ ಅಂತಿದ್ರು."

ಬಟ್ಟಲು ಕೆಳಗಿಟ್ಟೆ.

"ಹೌದವ್ವ, ಚಲೋ ಓಡ್ತು" ಎಂದೆ. ಡಬ್ಬಿ ಮುಚ್ಚಿಕೊಂಡು ಎದ್ದು ಬಂದೆ.